ತೆಂಗಿನ ಸೀಮೆಗೆ ಯಾವ ಜೇನು?

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳ ತೆಂಗಿನ ತೋಟಗಳಲ್ಲಿ ಖಾಲಿ ಜೇನುಪೆಟ್ಟಿಗೆ ಕಣ್ಣಿಗೆ ಬೀಳುವುದು ಈಗ ಅಪರೂಪವೇನಲ್ಲ. ಕೆಲವು ಪಂಪ್‌ಸೆಟ್ ಮನೆಯ ಮೂಲೆಯಲ್ಲಿ ಹಳೆಯ ವೈರು, ಪೈಪಿನ ತುಂಡುಗಳನ್ನು ಹೊತ್ತು ಕುಳಿತಿವೆ. ಕೆಲವು ಕಾವಿಗೆ ಕೂರುವ ಕೋಳಿಯ ಪಾಲಾಗಿವೆ. ಮೇಲಿನ ಬಣ್ಣ ಮಾಸಿಲ್ಲ, ಯೋಜನೆಯ ಹೆಸರು ಇನ್ನೂ ಓದಲು ಬರುವಂತಿದೆ. ನೊಣ ಮಾತ್ರ ಇಲ್ಲ. ಕಾರಣ ಕೇಳಿದರೆ ತೋಟದವರ ಬಾಯಲ್ಲಿ ಬರುವ ಮಾತು ಒಂದೇ: "ನಮ್ಮ ಭೂಮಿಗೆ ಜೇನು ಆಗಿಬರೋದಿಲ್ಲ ಬಿಡಿ ಸ್ವಾಮಿ."

ಈ ಮಾತು ಸುಳ್ಳು ಎನ್ನಲು ದೂರ ಹೋಗಬೇಕಿಲ್ಲ. ಅದೇ ತೋಟದ ಬದುವಿನ ಹುತ್ತದಲ್ಲಿ, ಹಳೆಯ ಹುಣಸೆಮರದ ಪೊಟರೆಯಲ್ಲಿ, ಕೆರೆಯ ತೂಬಿನ ಕಲ್ಲುಸಂದಿಯಲ್ಲಿ ತುಡುವೆ ಜೇನು ಯಾರ ಅರ್ಜಿಯನ್ನೂ ಕೇಳದೆ ಸಂಸಾರ ಹೂಡಿರುತ್ತದೆ. ಭೂಮಿ ಆಗಿಬರದಿದ್ದರೆ ಅದು ಅಲ್ಲಿ ಇರುತ್ತಿತ್ತೆ? ಆಗಿಬರದೇ ಹೋದದ್ದು ಮೂರು ಸಂಗತಿಗಳು: ಕೊಟ್ಟ ಪೆಟ್ಟಿಗೆ, ಅದರೊಳಗೆ ತುಂಬಿ ಕಳಿಸಿದ ನೊಣ, ಅದನ್ನು ಇಟ್ಟ ಜಾಗ. ಈ ಮೂರನ್ನೂ ನಿರ್ಧರಿಸಿದ್ದು ತೋಟವೂ ಅಲ್ಲ, ತೋಟದವನೂ ಅಲ್ಲ.

2017ರಲ್ಲಿ ಖಾದಿ ಮತ್ತು ಗ್ರಾಮೋದ್ಯೋಗ ಆಯೋಗದ ಜೇನು ಅಭಿಯಾನ ಬಂದಿತು. 2020ರಲ್ಲಿ ಕೇಂದ್ರ ಸರ್ಕಾರ ಜೇನು ಸಾಕಣೆಗೆಂದು 500 ಕೋಟಿ ರೂಪಾಯಿ ಘೋಷಿಸಿತು. ರಾಜ್ಯದ ತೋಟಗಾರಿಕೆ ಇಲಾಖೆಯ ಸಹಾಯಧನವಂತೂ ಮೊದಲಿನಿಂದ ಇದ್ದೇ ಇದೆ, ಅದರಲ್ಲಿ ತುಡುವೆಗೂ ಸ್ಥಾನವುಂಟು. ಹಣ ಬಂದದ್ದು ತಪ್ಪೆಂದು ಯಾರೂ ಹೇಳಲಾರರು. ಆದರೆ ಹಣಕ್ಕೆ ಲೆಕ್ಕ ಬೇಕು, ಲೆಕ್ಕಕ್ಕೆ ಸುಲಭವಾಗಿ ಸಿಗುವುದು ಪೆಟ್ಟಿಗೆ. ನೊಣವನ್ನು ಎಣಿಸಲಾಗದು, ಹೂವಿನ ಮೇಲೆ ಅದು ಮಾಡಿದ ಕೆಲಸಕ್ಕೆ ರಸೀದಿ ಇಲ್ಲ. ಹೀಗಾಗಿ 'ಸಿಹಿ ಕ್ರಾಂತಿ' ಎಂಬುದು ಬಹಳ ಕಡೆ ಬಡಗಿಗೆ ಕೆಲಸ ಕೊಡುವ ಕಾರ್ಯಕ್ರಮವಾಗಿ ನಿಂತಿದೆ.

ಬಯಲಿನ ತೆಂಗಿನ ತೋಟದ ಈ ಕಥೆ ಮಲೆಸೀಮೆಯ ಓದುಗರಿಗೆ ಏಕೆಂದು ಕೇಳಬಹುದು. ತುಡುವೆಯ ಹಿಂಡನ್ನು ಕಾರ್ಖಾನೆಯಲ್ಲಿ ತಯಾರಿಸಲಾಗದು. ಇರುವ ಹಿಂಡನ್ನು ಪಾಲು ಮಾಡಬೇಕು, ಇಲ್ಲವೆ ಪೊಟರೆಯಿಂದ ಹಿಡಿದು ತರಬೇಕು. ಪಾಲು ಮಾಡಲು ತಾಳ್ಮೆಯೂ ಹೂವಿನ ಕಾಲವೂ ಬೇಕು. ಮಾರ್ಚ್ ಕೊನೆಯೊಳಗೆ ಅನುದಾನ ಮುಗಿಸಬೇಕಾದ ಯೋಜನೆಗೆ ಎರಡೂ ಇಲ್ಲ. ಬಯಲಿನಲ್ಲಿ ಪೆಟ್ಟಿಗೆಯ ಬೇಡಿಕೆ ದಿಢೀರನೆ ಏರಿದರೆ ಬಾಚಿ, ಕೊಡಲಿಗಳು ಆಡುವುದು ಘಟ್ಟದ ಮರಗಳ ಮೇಲೆ. ಪೊಟರೆಯ ಬಾಯಿಯನ್ನು ಕಡಿದು ಅಗಲಿಸಿ ಹಿಂಡು ಕಿತ್ತರೆ ಆ ಮರದಲ್ಲಿ ಮತ್ತೆ ಜೇನು ಕೂರುವುದು ಕಷ್ಟ. ತಿಪಟೂರಿನ ಹಿತ್ತಲಲ್ಲಿ ಮೂರು ತಿಂಗಳಿಗೆ ಖಾಲಿಯಾಗುವ ಒಂದು ಪೆಟ್ಟಿಗೆಗೆ ಘಟ್ಟದ ಒಂದು ಪೊಟರೆ ಬೆಲೆಯಾಗಬಹುದು.

ಇನ್ನು ತೆಂಗಿನ ವಿಷಯ. ಕಲ್ಪತರು ನಾಡಿನ ತೆಂಗು ಎಂದರೆ ಹೆಚ್ಚಾಗಿ ತಿಪಟೂರು ಎತ್ತರದ ತಳಿ. ಕಾಯಿಯನ್ನು ತಿಂಗಳುಗಟ್ಟಲೆ ಅಟ್ಟದಲ್ಲಿಟ್ಟು ಉಂಡೆ ಕೊಬ್ಬರಿ ಮಾಡುವುದಕ್ಕೆ ಹೆಸರಾದದ್ದು. ಒಂದೇ ಹೊಂಬಾಳೆಯಲ್ಲಿ ಗಂಡುಹೂವೂ ಹೆಣ್ಣುಹೂವೂ ಇರುತ್ತವೆ. ಆದರೆ ಎತ್ತರದ ತಳಿಯಲ್ಲಿ ಗಂಡುಹೂವುಗಳು ಮೊದಲು, ಸುಮಾರು ಮೂರು ವಾರಗಳ ಕಾಲ, ಒಂದೊಂದಾಗಿ ಅರಳಿ ಉದುರಿಹೋಗುತ್ತವೆ. ಆ ಬಳಿಕವೇ ಬುಡದ ಹೆಣ್ಣುಹೂವುಗಳು ಪರಾಗಕ್ಕೆ ಬಾಯಿ ತೆರೆಯುವುದು, ಅದೂ ಕೆಲವೇ ದಿನ. ತನ್ನ ಹೊಂಬಾಳೆಯ ಪರಾಗ ಮುಗಿದ ಮೇಲೆ ಆ ಹೂವು ಪಕ್ಕದ ಮರದ ಪರಾಗಕ್ಕೆ ಕಾಯಬೇಕು. ಅದನ್ನು ಗಾಳಿ ತರುತ್ತದೆ, ನೊಣ ತರುತ್ತದೆ. ಗಾಳಿ ತಂದದ್ದು ಎಲ್ಲಿ ಬಿತ್ತೋ ತಿಳಿಯದು. ನೊಣವಾದರೋ ಹೆಣ್ಣುಹೂವಿನ ತುದಿಯಲ್ಲಿ ಒಸರುವ ಮಕರಂದಕ್ಕಾಗಿ ನೇರವಾಗಿ ಅಲ್ಲಿಗೇ ಬಂದು ಕೂರುತ್ತದೆ. ಹರಳು ಉದುರುವುದಕ್ಕೆ ನೀರಿನ ಕೊರತೆ, ಪೊಟ್ಯಾಷ್, ಬೋರಾನ್ ಕೊರತೆ ಮೊದಲಾದ ಹಲವು ಕಾರಣಗಳಿವೆ. ಜೇನು ಇಟ್ಟರೆ ಎಲ್ಲ ಹರಳೂ ನಿಲ್ಲುತ್ತವೆ ಎನ್ನುವವರು ವ್ಯಾಪಾರಿಗಳು. ಆದರೆ ಪರಾಗ ಮುಟ್ಟದೆ ಉದುರುವ ಹರಳಿಗೆ ಯಾವ ಗೊಬ್ಬರವೂ ಮದ್ದಲ್ಲ.

ಚೆನ್ನಾಗಿ ಬೆಳೆದ ಮರ ಹೆಚ್ಚುಕಡಿಮೆ ತಿಂಗಳಿಗೊಂದು ಹೊಂಬಾಳೆ ಬಿಡುತ್ತದೆ. ಎಂದರೆ ನೂರು ಮರದ ತೋಟದಲ್ಲಿ ವರ್ಷದ ಯಾವ ದಿನವೂ ಪರಾಗವಿಲ್ಲದ ದಿನವಲ್ಲ. ಮರಿಗಳನ್ನು ಸಾಕಲು ಜೇನಿಗೆ ಬೇಕಾದ ಮುಖ್ಯ ಆಹಾರವೇ ಪರಾಗ. ಇದರ ಮೇಲೆ ಯುಗಾದಿಯ ಆಸುಪಾಸಿಗೆ ಹೊಂಗೆ, ಬೇವು, ನೇರಳೆ. ಮುಂಗಾರಿನ ಮೊದಲಿಗೆ ಹುಣಸೆ. ದೀಪಾವಳಿಯ ಹೊತ್ತಿಗೆ ಅಂಟುವಾಳ, ಹುಚ್ಚೆಳ್ಳು, ತೊಗರಿ. ಚಿಕ್ಕನಾಯಕನಹಳ್ಳಿಯ ಕಡೆ ಮದಲಿಂಗನ ಕಣಿವೆಯ ಗುಡ್ಡಸಾಲಿನ ಕುರುಚಲು ಕಾಡು ಈ ಹೂವುಗಳ ದೊಡ್ಡ ಉಗ್ರಾಣ. 2011ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟು ತುಮಕೂರು ಜಿಲ್ಲೆಯ ಅದಿರು ಗಣಿಗಾರಿಕೆಯನ್ನು ತಡೆಯುವವರೆಗೂ ಆ ಹೂವಿನ ಮೇಲೆ ಕೂತದ್ದು ನೊಣಕ್ಕಿಂತ ಹೆಚ್ಚಾಗಿ ಕೆಂಧೂಳು ಎಂಬುದನ್ನು ಅಲ್ಲಿಯ ಹಿರಿಯರು ಮರೆತಿಲ್ಲ.

ಇಂತಹ ಸೀಮೆಗೆ ಯಾವ ಜೇನು? ಈಗ ಪೆಟ್ಟಿಗೆಗಳಲ್ಲಿ ಬರುತ್ತಿರುವುದರಲ್ಲಿ ಬಹುಪಾಲು ಯೂರೋಪಿನ ಮೆಲ್ಲಿಫೆರಾ. ಭಾರತದಲ್ಲಿ ಅದು ಮೊದಲು ಯಶಸ್ವಿಯಾಗಿ ನೆಲೆಯೂರಿದ್ದು 1962ರಲ್ಲಿ, ಇಂದಿನ ಹಿಮಾಚಲ ಪ್ರದೇಶದ ನಗ್ರೋಟಾದಲ್ಲಿ. ಅದರ ಗುಣಗಳನ್ನು ಅಲ್ಲಗಳೆಯಬೇಕಿಲ್ಲ: ಸೌಮ್ಯ, ಸುಲಭವಾಗಿ ಗೂಡು ಬಿಟ್ಟು ಓಡದು, ತುಡುವೆಗಿಂತ ಹಲವು ಪಟ್ಟು ತುಪ್ಪ ಕೂಡಿಡುತ್ತದೆ. ನೂರಾರು ಪೆಟ್ಟಿಗೆಗಳನ್ನು ರಾತ್ರೋರಾತ್ರಿ ಲಾರಿಗೆ ಹೇರಿ, ಸೂರ್ಯಕಾಂತಿ ಅರಳಿದಲ್ಲಿಗೆ ಇಂದು, ಸಾಸಿವೆ ಅರಳಿದಲ್ಲಿಗೆ ನಾಳೆ ಎಂದು ಅಲೆಯಬಲ್ಲ ಉದ್ಯಮಿಗೆ ಅದು ಸರಿಯಾದ ನೊಣ. ಹಿತ್ತಲಲ್ಲಿ ಒಂದೇ ಪೆಟ್ಟಿಗೆ ಇಡುವ ಮನೆಗೆ ಅದೇ ನೊಣ ಹೊರೆ. ಅದರ ಸಂಸಾರ ದೊಡ್ಡದು, ಹೊಟ್ಟೆಯೂ ದೊಡ್ಡದು. ಆಷಾಢದ ಗಾಳಿ, ಶ್ರಾವಣದ ಜಿಟಿಜಿಟಿಯಲ್ಲಿ ಮಕರಂದ ಬತ್ತಿದಾಗ ಸಕ್ಕರೆ ಪಾಕ ಸುರಿಯುತ್ತಲೇ ಇರಬೇಕು. ವರೋವಾ ನುಸಿಗೆ ಮದ್ದು ಹಾಕುತ್ತಲೇ ಇರಬೇಕು. ರೇಷನ್ ಸಕ್ಕರೆಯನ್ನು ತಾವು ಬಿಟ್ಟು ನೊಣಕ್ಕೆ ಹಾಕಿದ ಮನೆಗಳಿಗೆ ಈ ಲೆಕ್ಕ ಚೆನ್ನಾಗಿ ಗೊತ್ತು.

ತುಡುವೆ ಈ ನೆಲದ್ದು. ವರೋವಾ ನುಸಿಯೊಡನೆ ಅದು ಯುಗಗಳಿಂದ ಬದುಕಿದೆ. ಒಂದರ ಮೈಯನ್ನು ಇನ್ನೊಂದು ತಡವಿ ನುಸಿಯನ್ನು ಕಿತ್ತೆಸೆಯುವುದನ್ನು ಅದು ಬಲ್ಲುದು. ಗೂಡಿಗೆ ನುಗ್ಗುವ ದೊಡ್ಡ ಕಣಜವನ್ನು ನೂರಾರು ನೊಣಗಳು ಉಂಡೆಗಟ್ಟಿ ಸುತ್ತಿ, ಮೈಶಾಖದಿಂದಲೇ ಕೊಲ್ಲುತ್ತವೆ. ಕಡಿಮೆ ಹೂವಿನಲ್ಲಿ ಕಾಲ ಹಾಕುತ್ತದೆ. ದೋಷಗಳೂ ಉಂಟು: ಪದೇ ಪದೇ ಪಾಲಾಗುತ್ತದೆ, ಇರುವೆ ಕಾಟವೋ ಹಸಿವೋ ಬಂದರೆ ಪೆಟ್ಟಿಗೆ ಬಿಟ್ಟು ಹೋಗುತ್ತದೆ, ವರ್ಷಕ್ಕೆ ಸಿಗುವ ತುಪ್ಪ ಕೆಲವೇ ಕಿಲೋ. 1991-92ರಲ್ಲಿ ದಕ್ಷಿಣ ಭಾರತಕ್ಕೆ ಹಬ್ಬಿದ ಥಾಯ್ ಸ್ಯಾಕ್‌ಬ್ರೂಡ್ ಎಂಬ ನಂಜುರೋಗ ಕೊಡಗು, ದಕ್ಷಿಣ ಕನ್ನಡಗಳ ತುಡುವೆ ಸಾಕಣೆಯನ್ನು ನೆಲಕಚ್ಚಿಸಿದ್ದೂ ನಿಜ. ಆ ದುರಂತವನ್ನೇ ಮುಂದೊಡ್ಡಿ "ತುಡುವೆಯ ಕಾಲ ಮುಗಿಯಿತು" ಎಂದು ಮೆಲ್ಲಿಫೆರಾಕ್ಕೆ ದಾರಿ ಬಿಟ್ಟವರು ಒಂದು ಸಂಗತಿ ಹೇಳಲಿಲ್ಲ: ರೋಗದಲ್ಲಿ ಉಳಿದ ಹಿಂಡುಗಳಿಂದಲೇ ತುಡುವೆ ಮತ್ತೆ ತಲೆಯೆತ್ತಿತು. ದೂರದ ಹಿಂಡುಗಳನ್ನು ಲಾರಿಯಲ್ಲಿ ತಂದು ಊರೂರಿಗೆ ಹಂಚುವುದು ಅಂತಹ ನಂಜಿಗೆ ಸಾರಿಗೆ ವ್ಯವಸ್ಥೆ ಮಾಡಿಕೊಟ್ಟಂತೆ. ಮೊದಲ ಹಿಂಡು ಅದೇ ಹೋಬಳಿಯದಾಗಿರಬೇಕು ಎನ್ನುವುದು ಇದರಿಂದಾಗಿ, ಊರಭಿಮಾನದಿಂದಲ್ಲ.

ಹಿಂಡನ್ನು ಕೊಳ್ಳುವುದೇ ಆದರೆ ಹಗಲಿನಲ್ಲಿ, ಪೆಟ್ಟಿಗೆ ತೆರೆಸಿ ನೋಡಿ ಕೊಳ್ಳಬೇಕು. ನಾಲ್ಕೈದು ಎರಿಗಳ ತುಂಬ ನೊಣ ಮುಚ್ಚಿಕೊಂಡಿರಬೇಕು. ಕೋಶದ ತಳದಲ್ಲಿ ಮೊಟ್ಟೆ ಕಂಡರೆ ರಾಣಿ ಇದ್ದಾಳೆಂದೇ ಅರ್ಥ, ಅವಳನ್ನು ಹುಡುಕಿ ತಡಕಾಡಬೇಕಿಲ್ಲ. ಮುಚ್ಚಿದ ಮರಿಕೋಶಗಳ ನಡುವೆ ಅಲ್ಲಲ್ಲಿ ತೂತುಬಿದ್ದು, ಒಳಗೆ ಸತ್ತ ಮರಿ ತಲೆಯೆತ್ತಿ ಉದ್ದಕ್ಕೆ ಮಲಗಿದ್ದರೆ, ಎತ್ತಿದಾಗ ನೀರು ತುಂಬಿದ ಚೀಲದಂತೆ ಬಂದರೆ, ಆ ಪೆಟ್ಟಿಗೆಯನ್ನು ಪುಕ್ಕಟೆ ಕೊಟ್ಟರೂ ಮನೆಗೆ ತರಬಾರದು.

ಪೆಟ್ಟಿಗೆಯ ವಿಷಯದಲ್ಲಿ ನಡೆಯುವ ಅನ್ಯಾಯ ಅಂಗುಲದ್ದು. ಮೆಲ್ಲಿಫೆರಾಕ್ಕೆಂದು ಮಾಡಿದ ಹತ್ತು ಚೌಕಟ್ಟಿನ ದೊಡ್ಡ ಲ್ಯಾಂಗ್‌ಸ್ಟ್ರಾತ್ ಪೆಟ್ಟಿಗೆಗೆ ತುಡುವೆಯನ್ನು ಬಿಡುವುದೆಂದರೆ ಇಬ್ಬರ ಸಂಸಾರವನ್ನು ಛತ್ರದಲ್ಲಿ ಇಳಿಸಿದಂತೆ. ಅಷ್ಟು ಜಾಗವನ್ನು ಅದು ಬೆಚ್ಚಗಿಡಲಾರದು, ಕಾಯಲೂ ಆರದು. ಖಾಲಿ ಮೂಲೆಗಳಿಗೆ ಮೇಣದ ಹುಳು ಬರುತ್ತದೆ. ಒಂದು ಎರಿಯ ನಡುವಿನಿಂದ ಮುಂದಿನ ಎರಿಯ ನಡುವಿಗೆ ಮೆಲ್ಲಿಫೆರಾ 35 ಮಿಲಿಮೀಟರ್ ಬಿಟ್ಟರೆ ತುಡುವೆ ಬಿಡುವುದು ಸುಮಾರು 32 ಮಾತ್ರ. ಈ ಮೂರು ಮಿಲಿಮೀಟರಿನ ಅಳತೆಗೆಟ್ಟರೆ ತುಡುವೆ ಚೌಕಟ್ಟನ್ನು ಲೆಕ್ಕಿಸದೆ ಅಡ್ಡಾದಿಡ್ಡಿ ಎರಿ ಕಟ್ಟುತ್ತದೆ. ಆಮೇಲೆ ಒಂದು ಚೌಕಟ್ಟು ಎತ್ತಿದರೆ ಮೂರು ಎರಿ ಹರಿಯುತ್ತವೆ. ಮೆಲ್ಲಿಫೆರಾದ ಮೇಣದ ಹಾಳೆಯನ್ನು ತುಡುವೆಗೆ ಕೊಡುವುದು ಇನ್ನೂ ದೊಡ್ಡ ಅವಿವೇಕ. ಮೆಲ್ಲಿಫೆರಾ ಕೆಲಸಗಾರ ನೊಣದ ಕೋಶದ ಅಗಲವೂ ತುಡುವೆಯ ಗಂಡುನೊಣದ ಕೋಶದ ಅಗಲವೂ ಹತ್ತಿರಹತ್ತಿರ ಒಂದೇ. ದುಡಿಯುವವರು ಹುಟ್ಟಬೇಕಾದಲ್ಲಿ ಕೂತು ತಿನ್ನುವ ಗಂಡುಗಳು ಹುಟ್ಟುತ್ತವೆ.

ಹಿತ್ತಲಿನ ತುಡುವೆಗೆ ನ್ಯೂಟನ್ ಮಾದರಿಯ ಏಳೆಂಟು ಚೌಕಟ್ಟಿನ ಸಣ್ಣ ಪೆಟ್ಟಿಗೆ ಸಾಕು. ತಿರುಚಿರಾಪಳ್ಳಿಯ ಕಡೆ ಪಾದ್ರಿ ನ್ಯೂಟನ್ ಅವರು 1910ರ ಸುಮಾರಿಗೆ ಇದನ್ನು ರೂಪಿಸಿದ್ದು ದಕ್ಷಿಣದ ತುಡುವೆಯನ್ನೇ ಅಳೆದು ನೋಡಿ. ಮರ ಯಾವುದಾದರೂ ಆಗಲಿ, ಚೆನ್ನಾಗಿ ಒಣಗಿರಬೇಕು, ಕಟುವಾಸನೆ ಇರಬಾರದು, ಮುಕ್ಕಾಲು ಅಂಗುಲಕ್ಕಿಂತ ತೆಳುವಾಗಬಾರದು. ಈ ಸೀಮೆಯ ಬದುಗಳಲ್ಲಿ ಬೆಳೆಯುವ ಹೆಬ್ಬೇವು ಊರ ಬಡಗಿಯ ಕೈಗೆ ಒಗ್ಗಿದ ಮರವೇ. ಬಣ್ಣ ಹೊರಗಡೆಗೆ ಮಾತ್ರ. ಬಡಗಿಗೆ ಕಣ್ಣಂದಾಜು ಬಿಡದೆ, ಜೇನು ಬದುಕಿರುವ ಒಂದು ಪೆಟ್ಟಿಗೆಯ ಚೌಕಟ್ಟನ್ನೇ ಮಾದರಿಯಾಗಿ ಕೈಗೆ ಕೊಡುವುದು ಲೇಸು.

ಜಾಗದ ವಿಚಾರದಲ್ಲಿ ಅತ್ಯಂತ ಹೆಚ್ಚಿನ ಉಡಾಫೆ ಕಾಣುತ್ತದೆ. ಪೆಟ್ಟಿಗೆ ತಂದ ವಾಹನ ಎಲ್ಲಿ ನಿಂತಿತೋ ಅಲ್ಲೇ ಇಳಿಸಿ, ಫೋಟೋ ತೆಗೆಸಿಕೊಂಡು ಹೋದದ್ದುಂಟು. ಆಮೇಲೆ ಸರಿಸಿದರಾಯಿತು ಎಂಬುದು ಜೇನಿನ ವಿಷಯದಲ್ಲಿ ನಡೆಯದು. ನೊಣ ತನ್ನ ಬಾಗಿಲಿನ ಗುರುತನ್ನು ನೆಲದ ಮೇಲಿನ ಬಿಂದುವಾಗಿ ಕಲಿತಿರುತ್ತದೆ. ಹತ್ತು ಮಾರು ಆಚೆಗಿಟ್ಟರೂ ಮೇವಿಗೆ ಹೋದ ನೊಣಗಳು ಹಳೆಯ ಜಾಗದಲ್ಲೇ ಸುತ್ತಿ ಸುತ್ತಿ ಸಾಯುತ್ತವೆ. ಸರಿಸಲೇಬೇಕಾದರೆ ದಿನಕ್ಕೆ ಒಂದೆರಡು ಅಡಿಯಂತೆ ಸರಿಸಬೇಕು, ಇಲ್ಲವೆ ಎರಡು ಮೂರು ಕಿಲೋಮೀಟರ್ ದೂರಕ್ಕೆ ಒಯ್ದು ಕೆಲವು ವಾರಗಳ ನಂತರ ತರಬೇಕು. ಆದುದರಿಂದ ಜಾಗ ಮೊದಲು, ಪೆಟ್ಟಿಗೆ ಆಮೇಲೆ.

ತೆಂಗಿನ ತೋಟದಲ್ಲಿ ನೆರಳಿಗೆ ಬರವಿಲ್ಲ, ಅಪಾಯ ಮೇಲಿನಿಂದ. ಒಣಗಿದ ಗರಿಯೋ ಕಾಯಿಯೋ ಬಿದ್ದರೆ ಪೆಟ್ಟಿಗೆ ನುಚ್ಚುನೂರು. ಮರದ ಬುಡಕ್ಕೆ ಒರಗಿಸಿಟ್ಟ ಪೆಟ್ಟಿಗೆಗಳನ್ನು ನೋಡಿದರೆ ಅವುಗಳನ್ನು ಇಟ್ಟವರು ತೆಂಗನ್ನೇ ನೋಡಿಲ್ಲವೇನೋ ಎನಿಸುತ್ತದೆ. ಮೂವತ್ತು ಅಡಿ ಅಂತರದ ಚೌಕ ನಾಟಿಯಲ್ಲಿ ನಾಲ್ಕು ಮರಗಳ ನಟ್ಟನಡುವಿನ ಬಿಂದು ಪ್ರತಿ ಮರದಿಂದಲೂ ಇಪ್ಪತ್ತೊಂದು ಅಡಿ ದೂರ. ಗರಿಗಳ ತುದಿ ಅಲ್ಲಿಗೆ ಮುಟ್ಟುವುದು ಕಡಿಮೆ. ಬೆಳಗಿನ ಬಿಸಿಲು ಓರೆಯಾಗಿ ಬಿದ್ದು, ಮಧ್ಯಾಹ್ನ ಚುಕ್ಕಿ ನೆರಳಿರುತ್ತದೆ. ಅಡ್ಡಾದಿಡ್ಡಿ ಹಾಕಿದ ಹಳೆಯ ತೋಟವಾದರೆ ಗರಿ ಎಲ್ಲಿ ಬೀಳುತ್ತದೆಂಬುದನ್ನು ಮನೆಯ ಹೆಂಗಸರನ್ನು ಕೇಳಬೇಕು. ಸೋಗೆ ಆಯ್ದು ತರುವವರು ಅವರು, ನೆಲದ ನಕ್ಷೆ ಅವರಲ್ಲಿದೆ.

ಬಾಗಿಲು ಮೂಡಣಕ್ಕೋ ಆಗ್ನೇಯಕ್ಕೋ ಇರಲಿ. ವಾಸ್ತುವಿನವರನ್ನು ಕರೆಸಬೇಕಿಲ್ಲ, ಇದು ಗಾಳಿಯ ಲೆಕ್ಕ: ಈ ಸೀಮೆಯಲ್ಲಿ ಆಷಾಢದ ಗಾಳಿ ಬೀಸುವುದು ಪಡುವಣದಿಂದ, ನೇರ ಬಾಗಿಲಿಗೆ ನುಗ್ಗಿದರೆ ಮರಿಗಳು ತಣ್ಣಗಾಗುತ್ತವೆ. ಪಡುವಣ ಬದಿಗೆ ಬೇಲಿಸಾಲು, ದಾಸವಾಳ, ಗ್ಲಿರಿಸಿಡಿಯಾ ಏನಾದರೂ ಇರಬೇಕು. ಬಾಗಿಲ ಮುಂದಿನ ಹತ್ತು ಅಡಿ ನೊಣದ ಹಾರುದಾರಿ. ಅಲ್ಲಿ ಮಕ್ಕಳ ಆಟ, ಬಟ್ಟೆ ಒಣಗಿಸುವ ಹಗ್ಗ, ಕಣಕ್ಕೆ ಹೋಗುವ ಕಾಲುದಾರಿ ಬೇಡ. ಕಟ್ಟಿದ ದನ ಓಡಲಾರದು, ಹಾಗಾಗಿ ಕೊಟ್ಟಿಗೆಯಿಂದ ದೂರವಿರಬೇಕು. ರಾತ್ರಿಯಿಡೀ ಉರಿಯುವ ಬಲ್ಬಿನ ಎದುರೂ ಬೇಡ, ನೊಣ ಬೆಳಕಿಗೆ ಬಂದು ಬೆಳಗಾಗುವಷ್ಟರಲ್ಲಿ ಹಲ್ಲಿಯ ಪಾಲು. ಕಾಯಿ ಸುಲಿದ ಮಟ್ಟೆಯ ಗುಡ್ಡೆಗೆ ಬೆಂಕಿಯಿಡುವ ಜಾಗದಿಂದ, ಚಿಪ್ಪು ಸುಟ್ಟು ಇದ್ದಿಲು ಮಾಡುವ ಘಟಕದ ಹೊಗೆಯಿಂದ ಎಷ್ಟು ದೂರವಾದರೂ ಒಳ್ಳೆಯದೇ.

ಪೆಟ್ಟಿಗೆಗೆ ಒಂದೂವರೆ ಎರಡು ಅಡಿಯ ನಾಲ್ಕು ಕಾಲಿನ ಪೀಠ ಬೇಕು. ಪ್ರತಿ ಕಾಲೂ ನೀರು ತುಂಬಿದ ಬಟ್ಟಲಿನಲ್ಲಿ ನಿಲ್ಲಬೇಕು. ಗೊದ್ದ, ಕೆಂಜಿಗ ಎರಡೂ ತುಡುವೆಯನ್ನು ಊರು ಬಿಡಿಸುವ ವೈರಿಗಳು. ಬೆಳೆದ ಹುಲ್ಲಿನ ಒಂದು ಎಳೆ ಪೀಠಕ್ಕೆ ತಾಗಿದರೂ ಅವಕ್ಕೆ ಸೇತುವೆಯಾಯಿತು. ಬೇಸಿಗೆಯಲ್ಲಿ ಬಟ್ಟಲು ಒಣಗಿದ್ದನ್ನು ಯಾರೂ ನೋಡದೆ ಖಾಲಿಯಾದ ಪೆಟ್ಟಿಗೆಗಳಿಗೆ ಲೆಕ್ಕವಿಲ್ಲ. ಹತ್ತಿರದಲ್ಲಿ ಕುಡಿಯಲು ನೀರೂ ಇರಲಿ, ತಟ್ಟೆಯಲ್ಲಿ ತೆಂಗಿನ ನಾರು ಹಾಕಿಟ್ಟರೆ ನೊಣ ಅದರ ಮೇಲೆ ಕೂತು ಕುಡಿಯುತ್ತದೆ, ಮುಳುಗದು.

ಇಷ್ಟೆಲ್ಲ ಮಾಡಿ, ತೋಟಕ್ಕೆ ವಿಷ ಹಾಕಿದರೆ ಎಲ್ಲವೂ ವ್ಯರ್ಥ. ಕಪ್ಪುತಲೆ ಹುಳುವಿನ ಹಾವಳಿ ಈ ಸೀಮೆಗೆ ಹೊಸದಲ್ಲ. 1998ರಲ್ಲಿ ಕೇರಳದಲ್ಲಿ ಕಾಣಿಸಿಕೊಂಡ ನುಸಿ ಕೆಲವೇ ವರ್ಷಗಳಲ್ಲಿ ಇಲ್ಲಿಯ ಕಾಯಿಗಳನ್ನೂ ಸುಕ್ಕುಗಟ್ಟಿಸಿತು. ಎರಡಕ್ಕೂ ದಶಕಗಳ ಕಾಲ ಹೇಳಿದ ಉಪಾಯ ಒಂದೇ: ಎಳೆಯ ಬೇರನ್ನು ಓರೆಯಾಗಿ ಕತ್ತರಿಸಿ ಮಾನೋಕ್ರೊಟೋಫಾಸ್ ತುಂಬಿದ ಚೀಲ ಕಟ್ಟುವುದು. ತೋಟದಲ್ಲಿ ವಿಷಕ್ಕೆ ಔಷಧವೆಂದೇ ಹೆಸರು. ಆ ಶಿಫಾರಸಿನಲ್ಲಿ ಒಂದು ಎಚ್ಚರಿಕೆ ಇರುತ್ತಿತ್ತು: ಬೇರಿಗೆ ಕೊಟ್ಟ ಮೇಲೆ 45 ದಿನ ಕಾಯಿ ಕೀಳಬಾರದು. ಕಾಯಿಯ ನೀರಿಗೆ ವಿಷ ಬರಬಹುದೆಂದು ಅಷ್ಟು ದಿನ ಕಾಯಲು ಹೇಳಿದವರು, ಅದೇ ಮರದ ಹೊಂಬಾಳೆಗೆ ದಿನವೂ ಬರುವ ನೊಣ ಎಷ್ಟು ದಿನ ಕಾಯಬೇಕೆಂದು ಹೇಳಲಿಲ್ಲ. ಬೇರಿನಿಂದ ಏರಿದ ವಿಷ ಗರಿಗೆ ಮಾತ್ರ ಹೋಗಿ ಹೂವಿನ ಬಾಗಿಲಲ್ಲಿ ನಿಂತುಬಿಡುತ್ತದೆಯೇ? 2023ರಲ್ಲಿ ಕೇಂದ್ರ ಸರ್ಕಾರ ಮಾನೋಕ್ರೊಟೋಫಾಸ್‌ನ ಆ ದ್ರಾವಣವನ್ನು ಹಿಂತೆಗೆಯುವ ಆದೇಶ ಹೊರಡಿಸಿತು. ಅದರ ಸ್ಥಾನಕ್ಕೆ ಬೇರೆ ಹೆಸರಿನ ಅಂತರ್ವ್ಯಾಪಿ ವಿಷಗಳು ಅಂಗಡಿಯ ಕಪಾಟಿನಲ್ಲಿವೆ. ಕಪ್ಪುತಲೆ ಹುಳುವಿಗೆ ಗೋನಿಯೋಜಸ್ ಎಂಬ ಪುಟ್ಟ ಪರಾವಲಂಬಿ ಕಣಜವನ್ನು ತೋಟಕ್ಕೆ ಬಿಡುವ ದಾರಿ ಬಹಳ ಹಿಂದಿನಿಂದಲೇ ಇದೆ. 2016ರಲ್ಲಿ ಭಾರತಕ್ಕೆ ಕಾಲಿಟ್ಟ ಸುರುಳಿ ಬಿಳಿನೊಣಕ್ಕೂ ವಿಷ ಸಿಂಪಡಿಸದೆ ಎನ್ಕಾರ್ಸಿಯಾ ಕಣಜವನ್ನು ಉಳಿಸಿಕೊಳ್ಳುವುದೇ ವಿಜ್ಞಾನ ಹೇಳುವ ಮಾರ್ಗ. ಒಂದು ಕೈಯಲ್ಲಿ ಜೇನುಪೆಟ್ಟಿಗೆ, ಇನ್ನೊಂದು ಕೈಯಲ್ಲಿ ವಿಷದ ಡಬ್ಬಿ ಹಿಡಿದು ಒಂದೇ ವೇದಿಕೆಯಲ್ಲಿ ಸವಲತ್ತು ವಿತರಿಸುವುದನ್ನು ಇನ್ನಾದರೂ ನಿಲ್ಲಿಸಬೇಕು.

ಪೆಟ್ಟಿಗೆ ಹಂಚುವವರಿಂದ ಕೇಳಬೇಕಾದ ಲೆಕ್ಕ ಸರಳವಾದದ್ದು: ಕೊಟ್ಟ ಹನ್ನೆರಡು ತಿಂಗಳ ನಂತರ ಎಷ್ಟು ಪೆಟ್ಟಿಗೆಗಳಲ್ಲಿ ನೊಣವಿದೆ? ಆ ಹಿಂಡುಗಳನ್ನು ಎಲ್ಲಿಂದ ತರಲಾಯಿತು? 2005ರ ಮಾಹಿತಿ ಹಕ್ಕು ಕಾಯಿದೆಯಡಿ ಈ ಎರಡು ಪ್ರಶ್ನೆಗಳನ್ನು ಯಾವ ಕಾಲೇಜು ವಿದ್ಯಾರ್ಥಿಯಾದರೂ ಹತ್ತು ರೂಪಾಯಿ ಶುಲ್ಕದಲ್ಲಿ ಕೇಳಬಹುದು. ಉತ್ತರ ಬರುವವರೆಗೆ ಊರಿನಲ್ಲಿ ಜೀವಂತವಿರುವ ಒಂದು ಪೆಟ್ಟಿಗೆಯ ಎದುರು ಬೆಳಿಗ್ಗೆ ಐದು ನಿಮಿಷ ಕೂತು, ಕಾಲಿಗೆ ಪರಾಗದ ಉಂಡೆ ಕಟ್ಟಿಕೊಂಡು ಒಳಗೆ ಹೋಗುವ ನೊಣಗಳನ್ನು ಎಣಿಸಿ ಬರೆದಿಡಬಹುದು. ವಾರಕ್ಕೊಮ್ಮೆಯಂತೆ ವರ್ಷವಿಡೀ ಬರೆದರೆ ತೆಂಗಿನ ಸೀಮೆಯ ಹೂವಿನ ಪಂಚಾಂಗವೇ ಸಿದ್ಧವಾಗುತ್ತದೆ.

ಹಿಂಡನ್ನು ಕೊಳ್ಳಲೇಬೇಕೆಂದೂ ಇಲ್ಲ. ಹೊಂಗೆ ಅರಳುವ ಹೊತ್ತಿಗೆ, ಮತ್ತೆ ಹುಚ್ಚೆಳ್ಳಿನ ಕಾಲಕ್ಕೆ, ಪೊಟರೆಯ ತುಡುವೆಗಳು ತಾವಾಗಿ ಪಾಲಾಗಿ ಹೊಸ ಮನೆ ಹುಡುಕುತ್ತವೆ. ಪೆಟ್ಟಿಗೆಯ ಒಳಗೆ, ಚೌಕಟ್ಟಿನ ಮೇಲುಪಟ್ಟಿಗೆ ಹಳೆಯ ಜೇನುಮೇಣವನ್ನು ಬಿಸಿ ಮಾಡಿ ಸವರಿ, ಹುಣಸೆಯ ಕವಲಿನಲ್ಲಿ ಏಳೆಂಟು ಅಡಿ ಎತ್ತರಕ್ಕೆ ಕಟ್ಟಿಟ್ಟರೆ ಮೊದಲು ಬರುವವು ನಾಲ್ಕಾರು ಬೇಹುನೊಣಗಳು. ಅವು ಒಳಹೊಕ್ಕು ಹೊರಬಂದು ಮೂಲೆಮೂಲೆ ಅಳೆಯುತ್ತವೆ, ಒಪ್ಪಿದರೆ ಒಂದೆರಡು ದಿನಗಳಲ್ಲಿ ಹಿಂಡು ಇಳಿಯುತ್ತದೆ. ಇಳಿದ ದಿನದ ಸಂಜೆಯೇ, ನೊಣಗಳು ಜಾಗದ ಗುರುತು ಕಲಿಯುವ ಮೊದಲು, ಬಾಗಿಲಿಗೆ ಜಾಲರಿ ಕಟ್ಟಿ ನಾಲ್ಕು ಮರಗಳ ನಡುವಿನ ಪೀಠದ ಮೇಲಿಡಬೇಕು. ಒಂದು ಪಾಲು ಸಕ್ಕರೆಗೆ ಒಂದು ಪಾಲು ನೀರು ಬೆರೆಸಿದ ಪಾಕವನ್ನು ಕತ್ತಲಾದ ಮೇಲೆ ಒಳಗಿಡಬೇಕು. ಬೆಳಿಗ್ಗೆ ಜಾಲರಿ ಬಿಚ್ಚಿದ ಮೇಲೆ ಒಂದು ವಾರ ಮುಚ್ಚಳ ತೆರೆಯಕೂಡದು.